ಪ್ರೌಢಶಾಲೆಯ ಮಕ್ಕಳಿಗೆ ಕಾನೂನಿನ ಪರಿಚಯ: ನೀವು ಹೇಗೆ ಮಾಡಿದಿರಿ?

ಕೋರಿಕೆ, ಸಮಾಜ ವಿಜ್ಞಾನ ಶಿಕ್ಷಕಿ

ನಾನು ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತೇನೆ. ನಮ್ಮ ಮಕ್ಕಳು ಬೆಳಗಿನ ಪ್ರಾರ್ಥನೆಯಲ್ಲಿ ಸಂವಿಧಾನದ ಪೀಠಿಕೆಯನ್ನು ತಪ್ಪಿಲ್ಲದೆ ಓದುತ್ತಾರೆ; ಆದರೆ ಕಾನೂನು ಎಂದರೇನು ಎಂದು ಕೇಳಿದರೆ ‘ಪೊಲೀಸರು’ ಎನ್ನುತ್ತಾರೆ, ನ್ಯಾಯಾಲಯವೆಂದರೆ ಅವರಿಗೆ ಸಿನಿಮಾದ ಕಟಕಟೆ ಮತ್ತು ಸುತ್ತಿಗೆ. ಒಂಬತ್ತನೆಯ ತರಗತಿಯವರಿಗೆ ಭಾಷಣದ ಹೊರೆಯಿಲ್ಲದೆ, ಹೆಚ್ಚು ಖರ್ಚಿಲ್ಲದೆ ಈ ವ್ಯವಸ್ಥೆಯನ್ನು ಪರಿಚಯಿಸಿದ ಅನುಭವವಿದ್ದವರು, ಎಡವಿದ್ದನ್ನೂ ಸೇರಿಸಿ, ದಯವಿಟ್ಟು ತಿಳಿಸಿ.

ನಿವೃತ್ತ ಮುಖ್ಯ ಶಿಕ್ಷಕರು

ಮೇಡಂ, ಮೊದಲು ನಾನು ಎಡವಿದ್ದನ್ನು ಹೇಳುತ್ತೇನೆ. ನ್ಯಾಯಾಲಯದ ಕಲಾಪ ಸಾಮಾನ್ಯವಾಗಿ ಸಾರ್ವಜನಿಕರಿಗೆ ತೆರೆದಿರುತ್ತದೆ ಎಂಬ ಒಂದೇ ತಿಳಿವಳಿಕೆಯ ಬಲದಿಂದ, ಯಾರಿಗೂ ಹೇಳದೆ ಐವತ್ತು ಮಕ್ಕಳನ್ನು ಕರೆದುಕೊಂಡು ಹೋಗಿಬಿಟ್ಟೆ. ಒಳಗೆ ಕಕ್ಷಿದಾರರಿಗೇ ನಿಲ್ಲಲು ಜಾಗವಿರಲಿಲ್ಲ. ಹತ್ತೇ ನಿಮಿಷದಲ್ಲಿ ನಮ್ಮನ್ನು ಹೊರಗೆ ಕಳುಹಿಸಿದರು, ಕಳುಹಿಸಿದ್ದು ಸರಿಯೇ ಆಗಿತ್ತು.

ಮುಂದಿನ ವರ್ಷ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಶಾಲೆಯ ಪತ್ರ ಕೊಟ್ಟೆ. ತಾಲ್ಲೂಕಿನ ಹಿರಿಯ ನ್ಯಾಯಾಧೀಶರೇ ಆ ಸಮಿತಿಯ ಅಧ್ಯಕ್ಷರಾಗಿರುವುದರಿಂದ ಅನುಮತಿಗೆ ಬೇರೆಡೆ ಅಲೆಯಬೇಕಾಗಲಿಲ್ಲ. ಹದಿನೈದು ಹದಿನೈದು ಮಕ್ಕಳ ತಂಡಗಳಾಗಿ ಹೋದೆವು. ಜವಾನರು ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗುವುದು, ವಕೀಲರು ಎದ್ದು ನಿಲ್ಲುವುದು, ಮುಂದಿನ ವಾಯಿದೆ ಬರೆಯುವುದು, ಮತ್ತೊಂದು ಹೆಸರು ಕೂಗುವುದು. ಒಂದು ಗಂಟೆಯಲ್ಲಿ ಮಕ್ಕಳು ಕಂಡದ್ದು ಬಹುಪಾಲು ಇದನ್ನೇ. ಸುತ್ತಿಗೆ ಎಲ್ಲಿಯೂ ಇರಲಿಲ್ಲ. ಹೊರಗೆ ಬಂದ ಮೇಲೆ ಒಬ್ಬ ಹುಡುಗಿ, ಆ ಅಜ್ಜ ಎರಡು ಬಸ್ಸು ಬದಲಿಸಿ ಬಂದರಂತೆ, ಅವರ ಕೆಲಸ ಒಂದು ನಿಮಿಷಕ್ಕೆ ಮುಗಿಯಿತಲ್ಲ ಸರ್, ಎಂದಳು. ನೋಟಿಸು ತಲುಪದಿದ್ದರೆ, ಸಾಕ್ಷಿ ಬಾರದಿದ್ದರೆ ಏನಾಗುತ್ತದೆ ಎಂಬ ವಿವರಣೆಯೆಲ್ಲ ಅವಳ ಆ ಮಾತಿನಿಂದಲೇ ಶುರುವಾಯಿತು. ಆದ್ದರಿಂದ ವಾಯಿದೆಗಳನ್ನು ಮಕ್ಕಳಿಂದ ಮುಚ್ಚಿಡಬೇಡಿ. ಕೌಟುಂಬಿಕ ಮತ್ತು ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ಅಪರಾಧ) ಪ್ರಕರಣಗಳ ಕೋಣೆಗಳನ್ನು ಮಾತ್ರ ಬಿಟ್ಟುಬಿಡಿ. ಅಲ್ಲಿ ಹೊರಗಿನವರಿಗೆ ಪ್ರವೇಶವಿರುವುದಿಲ್ಲ.

ತಾಲ್ಲೂಕು ನ್ಯಾಯಾಲಯದ ವಕೀಲರು

ಶಾಲೆಗಳಿಗೆ ನಾನು ಹೋದಾಗ ಮೂಲಭೂತ ಹಕ್ಕುಗಳಿಂದ ಆರಂಭಿಸುವುದನ್ನು ನಿಲ್ಲಿಸಿ ಬಹಳ ಕಾಲವಾಯಿತು. ‘ಇಲ್ಲಿ ಯಾರು ಯಾರು ಸ್ಕೂಟರ್ ಓಡಿಸುತ್ತೀರಿ?’ ಎಂದು ಕೇಳುತ್ತೇನೆ. ಕೈಗಳು ಏಳುತ್ತವೆ, ನಗು ಏಳುತ್ತದೆ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ ಸೇರಿದ 199ಎ ಕಲಮಿನಂತೆ, ಅಪ್ರಾಪ್ತರು ವಾಹನದಿಂದ ಅಪರಾಧ ಎಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ವಿಧಿಸಬಹುದು, ವಾಹನದ ನೋಂದಣಿ ಒಂದು ವರ್ಷ ರದ್ದಾಗುತ್ತದೆ, ಓಡಿಸಿದವರಿಗೆ 25 ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ ಎಂದಾಗ ನಗು ನಿಲ್ಲುತ್ತದೆ. ‘ಅಪ್ಪನಿಗೆ ಗೊತ್ತಿಲ್ಲದೆ ಕೀಲಿ ತೆಗೆದುಕೊಂಡಿದ್ದರೆ?’ ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ಗೊತ್ತಿರಲಿಲ್ಲವೆಂದು ಅಪ್ಪನೇ ಸಾಬೀತುಪಡಿಸಬೇಕು ಎಂಬ ಉತ್ತರದಿಂದ, ಸಾಬೀತಿನ ಹೊಣೆ ಯಾರ ಮೇಲಿರುತ್ತದೆ ಎಂಬ ದೊಡ್ಡ ವಿಷಯಕ್ಕೆ ಸಲೀಸಾಗಿ ದಾಟಬಹುದು.

ಆದರೆ ಹೆದರಿಸಿ ಬಿಟ್ಟುಬರುವುದು ಸರಿಯಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವು ದೊರೆಯುತ್ತದೆ ಎಂಬುದನ್ನು, ಕಾನೂನು ನೆರವಿನ 15100 ಮತ್ತು ಮಕ್ಕಳ ಸಹಾಯವಾಣಿ 1098 ಸಂಖ್ಯೆಗಳನ್ನು ನೋಟುಬುಕ್ಕಿನ ಕೊನೆಯ ಪುಟದಲ್ಲಿ ಬರೆಸಿಯೇ ಹೊರಡುತ್ತೇನೆ.

ಪದವಿಪೂರ್ವ ಕಾಲೇಜಿನ ಉಪನ್ಯಾಸಕರು

ನಾವು ಅಣಕು ನ್ಯಾಯಾಲಯ ನಡೆಸುತ್ತೇವೆ. ಪ್ರಕರಣ ಸೈಕಲ್ ಕಳವಿನದು. ನ್ಯಾಯಾಧೀಶರಾಗಲು ಎಲ್ಲರೂ ಸಿದ್ಧ, ಆರೋಪಿಯ ವಕೀಲನಾಗಲು ಯಾರೂ ಒಪ್ಪಲಿಲ್ಲ, ‘ಕಳ್ಳನ ಪರ ನಾನ್ಯಾಕೆ ಸರ್?’ ಎಂದರು. ಅವನು ಕಳ್ಳನೆಂದು ತೀರ್ಮಾನಿಸಿದವರು ಯಾರು ಎಂದು ಕೇಳಿದೆ. ಬಂಧಿತ ವ್ಯಕ್ತಿಗೆ ತನ್ನಿಷ್ಟದ ವಕೀಲರನ್ನು ಕಾಣುವ ಹಕ್ಕು ಕೊಡುವ 22ನೆಯ ವಿಧಿಯನ್ನು ಆ ದಿನವೇ ಓದಿದೆವು. ಮೊದಲ ವರ್ಷ ಸಂಭಾಷಣೆಯನ್ನೆಲ್ಲ ನಾನೇ ಬರೆದುಕೊಟ್ಟಿದ್ದೆ, ಅದು ತಪ್ಪಾಯಿತು. ಪಾಟೀಸವಾಲಿನಲ್ಲಿ ಒಬ್ಬಳು ಸ್ವಂತ ಬುದ್ಧಿಯಿಂದ ‘ನೀವು ನಿಂತಿದ್ದ ಜಾಗದಿಂದ ಬೀದಿದೀಪ ಎಷ್ಟು ದೂರ?’ ಎಂದು ಕೇಳಿದಾಗ ಸಾಕ್ಷಿ ತಬ್ಬಿಬ್ಬಾಗಿ ನನ್ನ ಕಡೆ ತಿರುಗಿ, ‘ಅದು ಹಾಳೆಯಲ್ಲಿಲ್ಲ ಸರ್’ ಎಂದುಬಿಟ್ಟ. ಈಗ ಘಟನೆಯ ವಿವರ, ಒಂದು ನಕ್ಷೆ, ಎರಡು ಹೇಳಿಕೆ ಇಷ್ಟನ್ನೇ ಕೊಡುತ್ತೇನೆ. ವಾರದ ನಂತರ ಎರಡೂ ಕಡೆಯ ವಕೀಲರು ಪಕ್ಷ ಬದಲಿಸಿಕೊಂಡು ಅದೇ ಪ್ರಕರಣವನ್ನು ವಾದಿಸಬೇಕು. ನನ್ನ ಮಟ್ಟಿಗೆ ಇಡೀ ಅಭ್ಯಾಸದ ಸತ್ವವಿರುವುದು ಈ ಎರಡನೆಯ ಸುತ್ತಿನಲ್ಲಿ.

ಒಬ್ಬ ಪೋಷಕರು

ನಮ್ಮ ಮಗಳು ಕರಡು ಬರೆದು ನಾನು ಸಹಿ ಹಾಕಿದ ಮಾಹಿತಿ ಹಕ್ಕು ಅರ್ಜಿಯೊಂದನ್ನು, 10 ರೂಪಾಯಿ ಶುಲ್ಕದೊಂದಿಗೆ ಪಂಚಾಯಿತಿಗೆ ಕೊಟ್ಟಿದ್ದೆವು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗಿರಬೇಕು. ಅವಳ ಮೊದಲ ಕರಡಿನಲ್ಲಿ ದೂರೇ ಎರಡು ಪುಟವಿತ್ತು, ಪ್ರಶ್ನೆ ಒಂದೂ ಇರಲಿಲ್ಲ. ಉತ್ತರ ಬರಲು 30 ದಿನಗಳ ಗಡುವಿದೆ, ಅದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ.

ಕೋರಿಕೆ ಸಲ್ಲಿಸಿದ ಶಿಕ್ಷಕಿ

ಎಲ್ಲರಿಗೂ ಕೃತಜ್ಞತೆಗಳು. ಸಮಿತಿಗೆ ಕೊಡಬೇಕಾದ ಪತ್ರವನ್ನು ಸಿದ್ಧಪಡಿಸಿದ್ದೇನೆ. ಭೇಟಿಗೆ ಮುನ್ನವೇ ಸೈಕಲ್ ಪ್ರಕರಣವನ್ನು ಒಂದು ಸುತ್ತು ಆಡಿಸುವ ಯೋಚನೆಯಿದೆ, ಎರಡನೆಯ ಸುತ್ತನ್ನು ನಿಜವಾದ ನ್ಯಾಯಾಲಯ ನೋಡಿ ಬಂದ ಮೇಲೆ ಇಟ್ಟುಕೊಳ್ಳುತ್ತೇನೆ. ಸರ್, ಆ ನಕ್ಷೆ ಮತ್ತು ಹೇಳಿಕೆಗಳ ಪ್ರತಿಯನ್ನು ಕಳುಹಿಸಲು ಸಾಧ್ಯವೇ?