ಮೂರು ವರ್ಷದ ಮಗಳಿಗೆ ಶಿಶುವಿಹಾರ: ಹೋಗಿ ನೋಡುವಾಗ ಏನನ್ನು ಗಮನಿಸಬೇಕು?

ಕೇಳಿದವರು, ಮೈಸೂರಿನ ತಾಯಿ

ಜೂನ್‌ಗೆ ನನ್ನ ಮಗಳಿಗೆ ಮೂರು ತುಂಬುತ್ತದೆ. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಇಷ್ಟು ದಿನ ಅತ್ತೆಯವರು ನೋಡಿಕೊಂಡರು, ಈಗ ಮಂಡಿನೋವಿನಿಂದ ಅವರಿಗೆ ಮಗುವಿನ ಹಿಂದೆ ಓಡಲು ಆಗುತ್ತಿಲ್ಲ. ಹತ್ತಿರದ ಶಿಶುವಿಹಾರಗಳನ್ನು ನೋಡಿ ಬಂದೆವು. ಒಂದರಲ್ಲಿ ಎಸಿ ಇದೆ, ಸಿಸಿಟಿವಿಯನ್ನು ಮೊಬೈಲ್‌ನಲ್ಲೇ ನೋಡಬಹುದು. ಇನ್ನೊಂದರಲ್ಲಿ ಆರು ತಿಂಗಳಲ್ಲಿ ಇಂಗ್ಲಿಷ್ ಓದಿಸುತ್ತೇವೆ ಎನ್ನುತ್ತಾರೆ. ಮತ್ತೊಂದು ಹಳೆಯ ಮನೆ. ಹಿತ್ತಲಿನಲ್ಲಿ ಸೀಬೆಮರ, ಗೋಡೆಯ ಬಣ್ಣ ಎದ್ದುಹೋಗಿದೆ, ಆದರೆ ಮಕ್ಕಳು ಗಲಗಲ ಎನ್ನುತ್ತಿದ್ದರು. ಯಾವುದನ್ನು ನೋಡಿ ಒಳ್ಳೆಯದೆಂದು ತೀರ್ಮಾನಿಸಬೇಕು? ಮಕ್ಕಳನ್ನು ಸೇರಿಸಿದವರು, ಕಲಿಸಿದವರು ದಯವಿಟ್ಟು ಹೇಳಿ.

ಶಿವಮೊಗ್ಗದ ನಿವೃತ್ತ ಶಿಶುವಿಹಾರ ಶಿಕ್ಷಕಿ

ನೋಡಮ್ಮಾ, ಅವರು ಕರೆದ ಹೊತ್ತಿಗೆ ಹೋಗಬೇಡ. ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಕರೆದರೆ ನೀನು ನೋಡುವುದು ಬರೀ ಕಟ್ಟಡವನ್ನು. ಬೆಳಗ್ಗೆ ಹನ್ನೊಂದರ ಮೇಲೆ ಹೋಗು. ಆ ಹೊತ್ತಿಗೆ ಮಕ್ಕಳಿಗೆ ಹಸಿವಾಗಿರುತ್ತದೆ, ಒಬ್ಬ ಚಡ್ಡಿ ಒದ್ದೆ ಮಾಡಿಕೊಂಡಿರುತ್ತಾನೆ, ಇನ್ನೊಬ್ಬಳಿಗೆ ಅಮ್ಮನ ನೆನಪಾಗಿರುತ್ತದೆ. ಆಗ ಟೀಚರ್ ಏನು ಮಾಡುತ್ತಾರೆ ಎಂದು ನೋಡು. ಒದ್ದೆ ಮಾಡಿಕೊಂಡ ಮಗುವನ್ನು ಎಲ್ಲರೆದುರು "ಛೀ" ಎಂದರೆ ಅಲ್ಲಿಂದ ಎದ್ದು ಬಾ, ಫೀಸು ಕೂಡ ವಿಚಾರಿಸಬೇಡ. ಅಳುವ ಮಗುವಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ಹೆಸರು ಹಿಡಿದು ಕರೆದು, ಅದರ ಮಾತು ಮುಗಿಯುವವರೆಗೆ ಕಾಯುವವರು ಸಿಕ್ಕರೆ ಅರ್ಧ ಚಿಂತೆ ಬಿಡು.

ನಮ್ಮಲ್ಲಿ ಒಬ್ಬ ಹುಡುಗನಿದ್ದ. ಚೊಂಬಿನಿಂದ ಬಾಟಲಿಗೆ ನೀರು ಸುರಿಯುವುದೊಂದೇ ಅವನ ಕೆಲಸ. ಬಾಟಲಿಯ ಬಾಯಿ ಸಣ್ಣದು, ಅರ್ಧ ನೀರು ನೆಲದ ಪಾಲು. ನನ್ನ ಜೊತೆಗಿದ್ದ ಟೀಚರ್ ಬೈಯಲಿಲ್ಲ, ಹೇಳಿಕೊಡಲೂ ಇಲ್ಲ. ಒಂದು ಆಲಿಕೆಯನ್ನು ತಂದು ಅವನ ಪಕ್ಕದಲ್ಲಿಟ್ಟು ಬಟ್ಟೆ ಹಿಡಿದು ನೆಲ ಒರೆಸುತ್ತ ಕುಳಿತರು. ಅವನು ಆಲಿಕೆಯನ್ನು ಮೊದಲು ತಲೆಕೆಳಗಾಗಿ ಇಟ್ಟ. ನೀರು ನಾಲ್ಕೂ ಕಡೆ ಹರಿಯಿತು. ತುಂಬ ಹೊತ್ತು ನೋಡಿದ, ತಿರುಗಿಸಿದ, ಸುರಿದ. "ಮಿಸ್, ಚೆಲ್ಲಲಿಲ್ಲ!" ಎಂದು ಅವನು ಕೂಗಿದ್ದು ಬೀದಿಗೆ ಕೇಳಿಸಿರಬೇಕು. ಸುಮ್ಮನಿರಲು ಬಲ್ಲ ಇಂಥ ಟೀಚರ್ ಸಿಗುವುದು ಅಪರೂಪ. ಅವರು ಎಲ್ಲಿದ್ದಾರೋ ಅದೇ ಒಳ್ಳೆಯ ಶಿಶುವಿಹಾರ, ಗೋಡೆಯ ಬಣ್ಣ ಹೇಗಾದರೂ ಇರಲಿ.

ಬೋರ್ಡಿನಲ್ಲಿ "ಮಾಂಟೆಸ್ಸರಿ" ಎಂದಿದೆ ಎನ್ನುವುದಕ್ಕೇ ಮರುಳಾಗಬೇಡ. ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್ ನಗರದ ಬಡ ಬಡಾವಣೆಯೊಂದರಲ್ಲಿ ಮೊದಲ ಮಕ್ಕಳ ಮನೆ ತೆರೆದವರು. 1939ರಲ್ಲಿ ಭಾರತಕ್ಕೆ ಬಂದು, ಮಹಾಯುದ್ಧದ ಕಾರಣ 1946ರವರೆಗೆ ಇಲ್ಲೇ ಉಳಿದು ಶಿಕ್ಷಕರಿಗೆ ತರಬೇತಿ ಕೊಟ್ಟರು. ಅದಕ್ಕೇ ಆ ಹೆಸರು ನಮ್ಮಲ್ಲಿ ಇಷ್ಟು ಹರಡಿದೆ. ಆದರೆ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಟೀಚರ್ ಎಲ್ಲಿ ತರಬೇತಿ ಪಡೆದರು ಎಂದು ಕೇಳು. ಮಣಿ, ಮರದ ತುಂಡು, ಬಟ್ಟಲುಗಳು ಮಗುವಿನ ಕೈಗೆಟಕುವ ಕಪಾಟಿನಲ್ಲಿವೆಯೋ, ಬೀಗ ಹಾಕಿದ ಗಾಜಿನ ಬೀರುವಿನಲ್ಲಿವೆಯೋ ನೋಡು. ಆಮೇಲೆ ನಾಚಿಕೊಳ್ಳದೆ ಶೌಚಾಲಯ ತೋರಿಸಿ ಎನ್ನು. ನೆಲ ಒಣಗಿರಬೇಕು, ನಲ್ಲಿ ಮಗುವಿಗೆ ಎಟುಕಬೇಕು, ಒಳಗಿನಿಂದ ಹಾಕಿಕೊಳ್ಳುವ ಚಿಲಕ ಮಗುವಿನ ಕೈಗೆ ಸಿಗಬಾರದು.

ಹುಬ್ಬಳ್ಳಿಯ ತಂದೆ

ಅಮ್ಮನವರು ಹೇಳಿದ್ದಕ್ಕೆ ಲೆಕ್ಕವನ್ನು ಸೇರಿಸುತ್ತೇನೆ. ಕೇಂದ್ರ ಸರ್ಕಾರದ 2013ರ ಶೈಶವ ಶಿಕ್ಷಣ ನೀತಿಯಲ್ಲಿ ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬರು, ಮೂರಕ್ಕಿಂತ ಚಿಕ್ಕವರಾದರೆ 10 ಮಕ್ಕಳಿಗೆ ಒಬ್ಬರು ದೊಡ್ಡವರು ಇರಬೇಕು ಎಂದಿದೆ. 30 ಮಕ್ಕಳಿಗೆ ಕನಿಷ್ಠ 35 ಚದರ ಮೀಟರ್ ಕೋಣೆ, ಹೊರಗೆ 30 ಚದರ ಮೀಟರ್ ಜಾಗ. ಇದು ಕನಿಷ್ಠ ಅಷ್ಟೆ. ನೀವೇ ತಲೆ ಎಣಿಸಿ. ಫೋನಿನಲ್ಲಿ ಹೇಳುವ ಸಂಖ್ಯೆಯಲ್ಲಿ ಕಚೇರಿಯ ಗುಮಾಸ್ತರೂ ಸೇರಿರುತ್ತಾರೆ.

ಎರಡನೆಯದು, ಟೀಚರ್‌ಗಳು ಎಷ್ಟು ವರ್ಷದಿಂದ ಅಲ್ಲಿದ್ದಾರೆ ಎಂದು ಕೇಳಲೇಬೇಕು. ನಮ್ಮ ಮಗ ಮೊದಲು ಹೋಗುತ್ತಿದ್ದ ಕಡೆ ಒಬ್ಬರಿಗೆ ಹೊಂದಿಕೊಳ್ಳುವಷ್ಟರಲ್ಲಿ ಇನ್ನೊಬ್ಬರು ಬರುತ್ತಿದ್ದರು. ಸಂಬಳ ಅಷ್ಟು ಕಡಿಮೆ, ಯಾರೂ ನಿಲ್ಲುತ್ತಿರಲಿಲ್ಲ. ಫೀಸು ಮಾತ್ರ ವರ್ಷವರ್ಷ ಏರುತ್ತಿತ್ತು. ಪ್ರತಿ ಹೊಸ ಮುಖಕ್ಕೂ ಅವನು ಹೊಸದಾಗಿ ಅಳಬೇಕಾಯಿತು. ಆಯಾ ಹಳಬರಾಗಿದ್ದರೆ ಅದೂ ದೊಡ್ಡ ಸಂಗತಿ. ಮಕ್ಕಳು ನೋವು, ಹಸಿವು, ಒಂದಕ್ಕೆ ಎರಡಕ್ಕೆ ಎನ್ನುವುದನ್ನೆಲ್ಲ ಮೊದಲು ಹೇಳುವುದು ಅವರ ಹತ್ತಿರವೇ. ಕ್ಯಾಮೆರಾ ಇರಲಿ, ಬೇಡ ಎನ್ನುವುದಿಲ್ಲ. ಆದರೆ ಬಿದ್ದ ಮಗುವನ್ನು ಎತ್ತಿಕೊಳ್ಳುವುದಕ್ಕೆ ಮನುಷ್ಯರೇ ಬೇಕು.

ಅಂದಹಾಗೆ, ನಿಮ್ಮ ಕಚೇರಿಯಲ್ಲಿ 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿದ್ದರೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಮಾಡಬೇಕೆಂದು 2017ರಲ್ಲೇ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿಯಾಗಿದೆ. ಒಮ್ಮೆ ಕೇಳಿ ನೋಡಿ.

ತಿ. ನರಸೀಪುರ ತಾಲ್ಲೂಕಿನ ಅಂಗನವಾಡಿ ಕಾರ್ಯಕರ್ತೆ

ಮೇಡಂ, ನೀವು ನೋಡಿ ಬಂದ ಪಟ್ಟಿಯಲ್ಲಿ ಅಂಗನವಾಡಿ ಇಲ್ಲವೇ ಇಲ್ಲ. ಓದಿ ಬೇಸರವಾಯಿತು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಆಯ್ಕೆಯಾಗಿದ್ದು ನಿಮ್ಮದೇ ಜಿಲ್ಲೆಯ ನಮ್ಮ ತಾಲ್ಲೂಕು. ಬಡವರ ಮಕ್ಕಳಿಗೆ ಊಟ ಹಾಕುವ ಜಾಗ ಎಂದಷ್ಟೇ ಪೇಟೆಯವರು ತಿಳಿದಿದ್ದಾರೆ. ನಾವು ಮಕ್ಕಳ ತೂಕ ನೋಡುತ್ತೇವೆ, ಚಾರ್ಟಿನಲ್ಲಿ ಗುರುತಿಸುತ್ತೇವೆ, ತೂಕ ಇಳಿದರೆ ತಾಯಿಯನ್ನು ಕರೆಸಿ ಮಾತನಾಡುತ್ತೇವೆ. ದುಡ್ಡು ಕೊಟ್ಟು ಸೇರಿಸುವ ಎಷ್ಟು ಶಾಲೆಗಳಲ್ಲಿ ಇದನ್ನು ಮಾಡುತ್ತಾರೆ? ಹಾಲು, ಮೊಟ್ಟೆ ಇದೆ. ಹಾಡು, ಕತೆ, ಬೀಜ ಎಣಿಸುವುದು, ಎಲೆ ಜೋಡಿಸುವುದು, ಎಲ್ಲವೂ ಕನ್ನಡದಲ್ಲಿ.

ಎಲ್ಲ ಕೇಂದ್ರವೂ ಚೆನ್ನಾಗಿದೆ ಎಂದು ನಾನು ಹೇಳುವುದಿಲ್ಲ. ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಸಮೀಕ್ಷೆ, ಮೊಬೈಲ್ ಎಂಟ್ರಿ, ಸಭೆ ಎಂದು ನಮ್ಮನ್ನು ಎಳೆದಾಡುತ್ತಾರೆ; ಆ ದಿನ ಪಾಠ ಕುಂಟುತ್ತದೆ. ಕೆಲವು ಕಡೆ ಸ್ವಂತ ಕಟ್ಟಡವಿಲ್ಲ, ಅಂಗಳವಿಲ್ಲ. ಆದ್ದರಿಂದ ನಿಮ್ಮ ಬೀದಿಯ ಕೇಂದ್ರಕ್ಕೆ ಹೋಗಿ ಕಣ್ಣಾರೆ ನೋಡಿ. ಸಮಯ ನಿಮ್ಮ ಕೆಲಸಕ್ಕೆ ಹೊಂದಿಕೆಯಾಗದಿದ್ದರೆ ಬೇರೆ ಮಾತು. ನೋಡದೆಯೇ ಬಿಡಬೇಡಿ.

ಇಂಗ್ಲೆಂಡಿನಲ್ಲಿರುವ ಧಾರವಾಡದ ತಾಯಿ

ಇಲ್ಲಿ ಎರಡು ವರ್ಷದೊಳಗಿನ 3 ಮಕ್ಕಳಿಗೆ ಒಬ್ಬರು, ಎರಡು ವರ್ಷದ 5 ಮಕ್ಕಳಿಗೆ ಒಬ್ಬರು, ಮೂರು ದಾಟಿದ ಮೇಲೆ ಸಾಮಾನ್ಯವಾಗಿ 8 ಮಕ್ಕಳಿಗೆ ಒಬ್ಬರು ಇರಲೇಬೇಕು. ಇದನ್ನು ಓದಿ ಹೊಟ್ಟೆ ಉರಿಸಿಕೊಳ್ಳಬೇಡಿ, ಇಲ್ಲಿನ ಫೀಸು ಕೇಳಿದರೆ ಎದೆ ಒಡೆಯುತ್ತದೆ. ಆದರೆ ಕಾಸು ಖರ್ಚಿಲ್ಲದ ಒಂದು ಪದ್ಧತಿ ಇದೆ, ಅದನ್ನು ನೀವೂ ಕೇಳಿ ಪಡೆಯಬಹುದು. ಪ್ರತಿ ಮಗುವಿಗೂ ಇವರೇ ಎಂದು ಒಬ್ಬರನ್ನು ಗೊತ್ತುಮಾಡಿರುತ್ತಾರೆ. ಬೆಳಗ್ಗೆ ಕೈಹಿಡಿದು ಒಳಗೆ ಕರೆದುಕೊಳ್ಳುವವರು, ಮಲಗಿಸುವವರು, ಸಂಜೆ ನಮಗೆ ವರದಿ ಒಪ್ಪಿಸುವವರು ಆದಷ್ಟು ಅವರೇ. ನನ್ನ ಮಗಳು ಮಲಗುವಾಗ ಕಿವಿ ಮುಟ್ಟಿಕೊಳ್ಳುತ್ತಾಳೆ, ಅದು ಕಿವಿನೋವಲ್ಲ ಎಂದು ಆ ಹೆಂಗಸಿಗೆ ಗೊತ್ತು. ನೀವು ಹೋದ ಕಡೆ "ನನ್ನ ಮಗುವಿನ ಬಗ್ಗೆ ನಾನು ಯಾರನ್ನು ಕೇಳಬೇಕು?" ಎಂದು ಕೇಳಿ. "ಯಾರನ್ನಾದರೂ ಕೇಳಿ" ಎಂದರೆ ಯಾರೂ ಇಲ್ಲವೆಂದೇ ಅರ್ಥ.

ಮಂಗಳೂರಿನ ತಾಯಿ

ಆರು ತಿಂಗಳಲ್ಲಿ ಓದಿಸುತ್ತೇವೆ ಎನ್ನುವ ಕಡೆಗೆ ಹೋಗಲೇಬೇಡಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನದನ್ನು ಬುನಾದಿ ಹಂತ ಎಂದು ಕರೆದು, ಅಲ್ಲಿ ಕಲಿಕೆ ಆಟ, ಚಟುವಟಿಕೆಗಳ ಮೂಲಕ ನಡೆಯಬೇಕು ಎಂದಿದೆ. ಬೆರಳಿಗೆ ಬಲ ಬರುವ ಮೊದಲೇ ನಾಲ್ಕು ಗೆರೆ ಪುಸ್ತಕ ಕೊಟ್ಟು ಏ ಬಿ ಸಿ ಡಿ ತಿದ್ದಿಸಿದರೆ ಮಗುವಿಗೆ ಪೆನ್ಸಿಲ್ ಎಂದರೇ ಅಳು ಬರುತ್ತದೆ. ಮಣ್ಣು ಕಲಸಲಿ, ಹಿಟ್ಟು ನಾದಲಿ, ಕಡಲೆಕಾಯಿ ಸುಲಿಯಲಿ. ಬರೆಯುವ ಕೈ ಹಾಗೆಯೇ ತಯಾರಾಗುತ್ತದೆ.

ಭಾಷೆಯ ವಿಷಯವನ್ನೂ ಖಂಡಿತ ಕೇಳಿ. ನಮ್ಮ ಮನೆಮಾತು ತುಳು. ಮೊದಲು ಸೇರಿಸಿದ ಕಡೆ ಬಚ್ಚಲಿಗೆ ಹೋಗಬೇಕೆಂದರೂ ಇಂಗ್ಲಿಷಿನಲ್ಲೇ ಕೇಳಬೇಕೆಂಬ ನಿಯಮವಿತ್ತು. ಆ ವಾಕ್ಯ ಬಾಯಿಗೆ ಬರುವವರೆಗೆ ನನ್ನ ಮಗು ತಡೆದುಕೊಂಡು ಕುಳಿತಿರುತ್ತಿತ್ತು. ಮನೆಗೆ ಬಂದ ಕೂಡಲೇ ಚಪ್ಪಲಿಯನ್ನೂ ಕಳಚದೆ ಬಚ್ಚಲಿಗೆ ಓಡುವುದನ್ನು ಕಂಡ ಮೇಲೆ ವಿಷಯ ಗೊತ್ತಾಯಿತು. ಅಷ್ಟು ಚಿಕ್ಕ ದೇಹಕ್ಕೆ ಅಂಥ ಶಿಕ್ಷೆ ಕೊಡುವ ಹಕ್ಕು ಯಾವ ಶಾಲೆಗೂ ಇಲ್ಲ. ಮಗು ತುಳುವಿನಲ್ಲಿ ಮಾತನಾಡಿದರೆ ಈಗಿನ ಶಾಲೆಯ ಟೀಚರ್ ತುಳುವಿನಲ್ಲೇ ಉತ್ತರಿಸುತ್ತಾರೆ, ಜೊತೆಗೆ ಕನ್ನಡ, ಇಂಗ್ಲಿಷ್ ಹಾಡುಗಳನ್ನೂ ಕಲಿಸುತ್ತಾರೆ. ಮಗು ಮೂರೂ ಭಾಷೆಯಲ್ಲಿ ಹರಟುತ್ತದೆ.

ಕೇಳಿದವರು

ಎಲ್ಲರಿಗೂ ತುಂಬ ಧನ್ಯವಾದಗಳು. ಸೋಮವಾರ ಹನ್ನೊಂದಕ್ಕೆ ರಜೆ ಹಾಕಿ ಹೋಗುತ್ತೇನೆ, ನಮ್ಮ ಬೀದಿಯ ಅಂಗನವಾಡಿಗೂ ಸೇರಿಸಿ. ಇನ್ನೊಂದು ಸಂದೇಹ: ಸೇರಿಸಿದ ಮೊದಲ ವಾರ ಬಾಗಿಲಲ್ಲೇ ಬಿಟ್ಟು ಹೋಗಿ, ಅತ್ತರೆ ತಾನೇ ಸುಮ್ಮನಾಗುತ್ತದೆ ಎಂದು ಎಲ್ಲ ಕಡೆಯೂ ಹೇಳಿದರು. ಹಾಗೆ ಮಾಡಬಹುದೇ?

ಶಿವಮೊಗ್ಗದ ನಿವೃತ್ತ ಶಿಶುವಿಹಾರ ಶಿಕ್ಷಕಿ

ಬೇಡಮ್ಮಾ. ಮೊದಲ ಕೆಲವು ದಿನ ಒಳಗೆ ಕುಳಿತುಕೊಳ್ಳಲು ಬಿಡುತ್ತಾರೆಯೇ ಎಂದು ಸೇರಿಸುವ ಮುನ್ನವೇ ಕೇಳು. ಒಪ್ಪದಿದ್ದರೆ ಯಾಕೆಂದು ಕೇಳು. ಆ ಉತ್ತರದಿಂದಲೇ ಬಹಳಷ್ಟು ತಿಳಿಯುತ್ತದೆ. ಮಗು ಆಟದಲ್ಲಿ ಮೈಮರೆತಾಗ ಕಣ್ಣುತಪ್ಪಿಸಿ ಹೋಗಬೇಡ, ನಾಳೆಯಿಂದ ಅದು ನಿನ್ನ ಸೆರಗು ಬಿಡುವುದಿಲ್ಲ. "ಊಟ ಆದ ಮೇಲೆ ಬರುತ್ತೇನೆ" ಎಂದು ಮುಖ ನೋಡಿ ಹೇಳಿ ಹೊರಡು, ಊಟ ಆದ ಕೂಡಲೇ ಬಾಗಿಲಲ್ಲಿ ನಿಂತಿರು. ನಿನಗೆ ಬರಲಾಗದ ದಿನ ಯಾರು ಬಂದರೆ ಮಗುವನ್ನು ಕಳುಹಿಸಬೇಕು ಎನ್ನುವುದನ್ನು ಹೆಸರು, ಫೋಟೊ ಸಮೇತ ಬರೆದು ಕೊಡು. ಹಾಗೆ ಬರೆದು ಕೊಡಿ ಎಂದು ಅವರೇ ಮೊದಲು ಕೇಳಿದರೆ ಇನ್ನೂ ಒಳ್ಳೆಯದು.