ಡಿಲೀಟ್ ಮಾಡಬಹುದು ಅಂತ ಆದೇಶದಲ್ಲಿ ಎಲ್ಲಿದೆ?

ಗುಂಪು: ನಮ್ಮ ಮನೆ ಬಳಗ
ಡಿಸೆಂಬರ್ 3, 2025, ಸಂಜೆ

ಅತ್ತೆ (ಫಾರ್ವರ್ಡ್ ಮಾಡಿದ್ದು): ಎಲ್ಲರೂ ತಪ್ಪದೆ ಓದಿ! ಸರ್ಕಾರ ಎಲ್ಲರ ಮೊಬೈಲಿಗೂ ಸಂಚಾರ್ ಸಾಥಿ ಆಪ್ ಹಾಕುತ್ತಿದೆ. ನಾಳೆಯಿಂದ ನಿಮ್ಮ ವಾಟ್ಸಾಪ್ ಮೆಸೇಜ್ ಎಲ್ಲಾ ಸರ್ಕಾರ ಓದುತ್ತದೆ. ಎರಡು ನೀಲಿ ಟಿಕ್ ಜೊತೆ ಒಂದು ಕೆಂಪು ಟಿಕ್ ಬಂದರೆ ನಿಮ್ಮ ಮೇಲೆ ಕೇಸ್ ಆಗಿದೆ ಅಂತ ಅರ್ಥ. ಎಲ್ಲಾ ಗುಂಪಿಗೂ ಕಳಿಸಿ.

ಅತ್ತೆ: ಇದು ನಿಜವಾ? ಓದಿ ಗಾಬರಿ ಆಯಿತು.

ಚಿಕ್ಕಪ್ಪ: ಸುಳ್ಳು ಅಕ್ಕ. ಕೆಂಪು ಟಿಕ್ ಕಥೆ ಎಷ್ಟೋ ವರ್ಷದಿಂದ ಸುತ್ತುತ್ತಿದೆ. ಸಂಚಾರ್ ಸಾಥಿ ಒಳ್ಳೆಯ ಆಪ್. ಕಳೆದುಹೋದ ಫೋನ್ ಹುಡುಕುವುದಕ್ಕೆ, ನಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇದೆ ಅಂತ ನೋಡುವುದಕ್ಕೆ ಇರುವುದು. ಅದೂ ಅಲ್ಲದೆ ಇವತ್ತು ಸರ್ಕಾರ ಕಡ್ಡಾಯ ಮಾಡುವುದಿಲ್ಲ ಅಂತ ಹೇಳಿದೆ. ಮುಗಿದುಹೋದ ವಿಷಯ.

ನಾನು: ಅತ್ತೆ, ಕೆಂಪು ಟಿಕ್ ಸುಳ್ಳು. ಮೆಸೇಜ್ ಎಲ್ಲಾ ಓದುತ್ತಾರೆ ಅನ್ನುವುದಕ್ಕೂ ಆಧಾರ ಇಲ್ಲ. ಇದನ್ನು ಮುಂದೆ ಕಳಿಸಬೇಡಿ. ಆದರೆ ಚಿಕ್ಕಪ್ಪ, ಮುಗಿದುಹೋದ ವಿಷಯ ಅಂತ ಮಾತ್ರ ಹೇಳಬೇಡಿ. ನನಗೆ ಸಿಟ್ಟು ಬಂದಿರುವುದು ಈ ಐದಾರು ದಿನದಲ್ಲಿ ನಡೆದ ರೀತಿಗೆ.

ಚಿಕ್ಕಪ್ಪ: ಏನಾಯಿತಮ್ಮ ಅಂಥದ್ದು? ಜನ ಬೇಡ ಅಂದರು, ಸರ್ಕಾರ ಕೈಬಿಟ್ಟಿತು. ಇನ್ನೇನು ಬೇಕು?

ನಾನು: ದಿನಾಂಕ ಒಂದೊಂದಾಗಿ ನೋಡಿ. ಆದೇಶ ನವೆಂಬರ್ 28ರದ್ದು. ದೂರಸಂಪರ್ಕ ಇಲಾಖೆ ಅದನ್ನು ಫೋನ್ ಕಂಪನಿಗಳಿಗೆ ಕಳಿಸಿತು. ನಮಗೆ ಗೊತ್ತಾಗಿದ್ದು ಡಿಸೆಂಬರ್ 1ಕ್ಕೆ, ಅದೂ ರಾಯಿಟರ್ಸ್ ಸುದ್ದಿ ಮಾಡಿದ್ದರಿಂದ. 90 ದಿನದೊಳಗೆ ಹೊಸ ಫೋನುಗಳಲ್ಲಿ ಈ ಆಪ್ ಇರಬೇಕು, ಆಗಲೇ ತಯಾರಾಗಿ ಅಂಗಡಿ ಸೇರಿರುವ ಫೋನುಗಳಿಗೆ ಸಾಫ್ಟ್‌ವೇರ್ ಅಪ್‌ಡೇಟ್ ಮೂಲಕ ಹಾಕುವುದಕ್ಕೆ ಪ್ರಯತ್ನ ಮಾಡಬೇಕು ಅಂತ ಅದರಲ್ಲಿತ್ತು. ಫೋನ್ ಮೊದಲ ಸಲ ಆನ್ ಮಾಡಿದಾಗಲೇ ಆಪ್ ಕಣ್ಣಿಗೆ ಕಾಣಬೇಕು, ಅದರ ಕೆಲಸಗಳನ್ನು ನಿಷ್ಕ್ರಿಯ ಮಾಡುವಂತಿಲ್ಲ, ನಿರ್ಬಂಧಿಸುವಂತಿಲ್ಲ ಅಂತಲೂ ಇತ್ತು. ಡಿಸೆಂಬರ್ 2ಕ್ಕೆ ದೂರಸಂಪರ್ಕ ಸಚಿವ ಸಿಂಧಿಯಾ ಅವರು ಬೇಡದಿದ್ದರೆ ಡಿಲೀಟ್ ಮಾಡಿ ಅಂದರು. ಇವತ್ತು 3ನೇ ತಾರೀಖು, ಕಡ್ಡಾಯವೇ ಇಲ್ಲ ಅಂದರು. ಡಿಲೀಟ್ ಮಾಡಬಹುದು ಅಂತ ಆದೇಶದಲ್ಲಿ ಎಲ್ಲಿದೆ, ನೀವೇ ಹೇಳಿ.

ತಮ್ಮ: ಅಕ್ಕ, ಸಚಿವರೇ ಹೇಳಿದ ಮೇಲೆ ಮುಗಿಯಿತಲ್ಲ.

ನಾನು: ಇಲ್ಲಪ್ಪ. ಕಂಪನಿ ಪಾಲಿಸುವುದು ಕಾಗದದಲ್ಲಿ ಇರುವುದನ್ನು. ಸಚಿವರು ಸಂಸತ್ತಿನ ಹೊರಗೆ ಮೈಕಿನ ಮುಂದೆ ಹೇಳಿದ್ದನ್ನು ಹಿಡಿದುಕೊಂಡು ಯಾವ ಕಂಪನಿಯೂ ಫೋನ್ ತಯಾರು ಮಾಡುವುದಿಲ್ಲ.

ಚಿಕ್ಕಪ್ಪ: ನಾನು ಟೆಲಿಫೋನ್ ಇಲಾಖೆಯಲ್ಲೇ ಕೆಲಸ ಮಾಡಿ ನಿವೃತ್ತನಾದವನು. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ. ಸೈಬರ್ ವಂಚಕರಿಗೆ 2024ರಲ್ಲಿ ನಮ್ಮ ಜನ ಕಳೆದುಕೊಂಡಿದ್ದು 22,845 ಕೋಟಿ ರೂಪಾಯಿ. ಇದನ್ನು ಸರ್ಕಾರವೇ ಲೋಕಸಭೆಯಲ್ಲಿ ಹೇಳಿದೆ. ಪಿಂಚಣಿ ದುಡ್ಡು, ಮಗಳ ಮದುವೆಗೆ ಕೂಡಿಟ್ಟ ದುಡ್ಡು, ಎಲ್ಲಾ ಒಂದು ಫೋನ್ ಕರೆಯಲ್ಲಿ ಹೋಗುತ್ತಿದೆ. ಕದ್ದ ಫೋನಿನ ಐಎಂಇಐ, ಅಂದರೆ ಪ್ರತಿ ಫೋನಿಗೂ ಬೇರೆ ಬೇರೆ ಇರಬೇಕಾದ ಗುರುತಿನ ನಂಬರ್, ತಿದ್ದಿ ಮತ್ತೆ ಮಾರುತ್ತಾರೆ. 2020ರಲ್ಲಿ ಮೀರತ್ ಪೊಲೀಸರು ಒಂದೇ ಐಎಂಇಐ ನಂಬರಿನ 13,000ಕ್ಕೂ ಹೆಚ್ಚು ಫೋನ್ ಪತ್ತೆ ಮಾಡಿದ್ದರು. ಹಾಗಿದ್ದರೆ ಕಳ್ಳನನ್ನು ಹಿಡಿಯುವುದು ಹೇಗೆ? ಸಂಚಾರ್ ಸಾಥಿ ವ್ಯವಸ್ಥೆಯಿಂದ 7 ಲಕ್ಷಕ್ಕೂ ಹೆಚ್ಚು ಫೋನ್ ಮಾಲೀಕರಿಗೆ ವಾಪಸ್ ಸಿಕ್ಕಿವೆ, ಅಕ್ಟೋಬರ್ ಒಂದೇ ತಿಂಗಳಲ್ಲಿ 50,000. ಬಡವನಿಗೆ ಹತ್ತು ಸಾವಿರದ ಫೋನ್ ವಾಪಸ್ ಸಿಕ್ಕಿದರೆ ಅದು ಸಣ್ಣ ಮಾತಾ? ಖಾಸಗಿತನ ಖಾಸಗಿತನ ಅಂತ ಕೂಗುವವರು ಅವನ ಮನೆಗೆ ಹೋಗಿ ಮಾತಾಡಲಿ.

ಅತ್ತೆ: ಇವನು ಹೇಳುವುದೂ ಸರಿ ಅನ್ನಿಸುತ್ತದೆ.

ನಾನು: ವಂಚನೆ ನಿಜ, ಅಂಕಿಅಂಶ ನಿಜ, ಫೋನ್ ವಾಪಸ್ ಸಿಕ್ಕಿದ್ದೂ ನಿಜ. ಆದರೆ ಚಿಕ್ಕಪ್ಪ, ನೀವು ಆ ಇಲಾಖೆಯಲ್ಲಿ ಇದ್ದವರು. ಕದ್ದ ಫೋನ್ ಬ್ಲಾಕ್ ಆಗುವುದು ಎಲ್ಲಿ? ಫೋನಿನೊಳಗಾ, ನೆಟ್‌ವರ್ಕಿನಲ್ಲಾ?

ಚಿಕ್ಕಪ್ಪ: ನೆಟ್‌ವರ್ಕಿನಲ್ಲಿ. ಸಿಇಐಆರ್ ಅಂತ ಸರ್ಕಾರದ ಐಎಂಇಐ ದಾಖಲೆ ಇದೆ, ಅದರ ಬ್ಲಾಕ್ ಪಟ್ಟಿಗೆ ಐಎಂಇಐ ಸೇರಿದರೆ ಎಲ್ಲಾ ಕಂಪನಿಗಳ ನೆಟ್‌ವರ್ಕೂ ಆ ಫೋನನ್ನು ಒಳಗೆ ಬಿಡುವುದಿಲ್ಲ. ಬೇರೆ ಸಿಮ್ ಹಾಕಿದರೆ ಎಲ್ಲಿ ಹಾಕಿದರು ಅಂತ ತಿಳಿಯುತ್ತದೆ.

ನಾನು: ಅದನ್ನೇ ನಾನೂ ಹೇಳುತ್ತಿರುವುದು. ಬ್ಲಾಕ್ ಆಗುವುದಕ್ಕೆ ಫೋನಿನಲ್ಲಿ ಆಪ್ ಇರಲೇಬೇಕು ಅಂತಿಲ್ಲ. ಪೊಲೀಸ್ ದೂರಿನ ಪ್ರತಿ, ಬಿಲ್, ಗುರುತಿನ ಚೀಟಿ ಇಟ್ಟುಕೊಂಡು ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಅರ್ಜಿ ತುಂಬಿದರೆ ಸಾಕು. ಆ ಪೋರ್ಟಲ್ 2023ರ ಮೇ ತಿಂಗಳಿಂದ ಇದೆ. ಆಪ್ ಬಂದಿದ್ದು 2025ರ ಜನವರಿಯಲ್ಲಿ. ಹಳೆಯ ಫೋನ್ ಕೊಳ್ಳುವಾಗ ಅದು ಅಸಲಿಯಾ ಅಂತ ನೋಡಬೇಕಾದರೆ *#06# ಒತ್ತಿ. 15 ಅಂಕಿ ಬರುತ್ತದೆ. KYM ಅಂತ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ, ಒಂದು ಜಾಗ ಬಿಟ್ಟು ಆ 15 ಅಂಕಿ ಹಾಕಿ 14422ಕ್ಕೆ ಎಸ್‌ಎಂಎಸ್ ಕಳಿಸಿ. ಬಟನ್ ಫೋನಿನಿಂದಲೂ ಇದು ಆಗುತ್ತದೆ. ಇಷ್ಟೆಲ್ಲಾ ಆಪ್ ಇಲ್ಲದೆಯೇ ಆಗುವಾಗ ಕಡ್ಡಾಯ ಯಾಕೆ ಅನ್ನುವುದು ನನ್ನ ಪ್ರಶ್ನೆ. ಐಎಂಇಐ ತಿದ್ದಿದವನಿಗೆ 2023ರ ದೂರಸಂಪರ್ಕ ಕಾಯ್ದೆಯಲ್ಲೇ ಮೂರು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಇದೆ. ಅದನ್ನು ಬಳಸಲಿ.

ಚಿಕ್ಕಪ್ಪ: ಪೋರ್ಟಲ್ ಇರುವುದು ಎಷ್ಟು ಜನಕ್ಕೆ ಗೊತ್ತು? ಆಪ್ ಕಣ್ಣ ಮುಂದೆ ಇದ್ದರೆ ಬಳಸುತ್ತಾರೆ.

ತಮ್ಮ: ನನ್ನ ಫೋನಿನಲ್ಲಿ ಆಗಲೇ ನೂರೆಂಟು ಆಪ್ ಇದೆ. ಗೂಗಲ್‌ಗೆ ಎಲ್ಲಾ ಗೊತ್ತು. ಸರ್ಕಾರಕ್ಕೆ ಗೊತ್ತಾದರೆ ಏನು ತಪ್ಪು? ಮುಚ್ಚಿಡುವಂಥದ್ದು ನನ್ನ ಹತ್ತಿರ ಏನೂ ಇಲ್ಲ.

ಭಾವ: ನಾನೊಂದು ಮಾತು ಹೇಳಲಾ? ದಿನಾ ಅಂಗಡಿಯಲ್ಲಿ ಫೋನ್ ಮಾರುವವನು ನಾನು. ಹಳ್ಳಿಯಿಂದ ವಯಸ್ಸಾದವರು ಬರುತ್ತಾರೆ. ಡಬ್ಬ ಒಡೆದು, ಸಿಮ್ ಹಾಕಿ, ನನ್ನ ಕೈಗೇ ಕೊಡುತ್ತಾರೆ. ನೀನೇ ಎಲ್ಲಾ ಸರಿ ಮಾಡಿಕೊಡಪ್ಪ ಅನ್ನುತ್ತಾರೆ. ಪರದೆ ಮೇಲೆ ಒಂದರ ಹಿಂದೆ ಒಂದು ಪ್ರಶ್ನೆ ಬರುತ್ತದೆ. ಹಿಂದೆ ಇನ್ನೂ ನಾಲ್ಕು ಗಿರಾಕಿ ನಿಂತಿರುತ್ತಾರೆ. ಅಂಗಡಿ ಹುಡುಗರು ಅಲೌ, ಅಲೌ, ನೆಕ್ಸ್ಟ್ ಅಂತ ಒತ್ತಿ ಮುಗಿಸುತ್ತಾರೆ. ಆ ಅಜ್ಜ ಒಂದು ಸಲವೂ ಪರದೆ ನೋಡಿರುವುದಿಲ್ಲ. ಕಡ್ಡಾಯದ ಆಪ್ ಬಂದಿದ್ದರೆ ಅದಕ್ಕೂ ಹೀಗೇ ಆಗುತ್ತಿತ್ತು ಮಾವ. ಬೇಡದಿದ್ದರೆ ತೆಗೆಯಿರಿ ಅಂತ ದೆಹಲಿಯಲ್ಲಿ ಹೇಳುವುದು ಸುಲಭ. ಫೋನ್ ಜೊತೆ ಬಂದ ಆಪ್ ತೆಗೆಯಬಹುದು ಅಂತಲೇ ಇಲ್ಲಿ ಮುಕ್ಕಾಲು ಜನಕ್ಕೆ ಗೊತ್ತಿಲ್ಲ. ಎಷ್ಟೋ ಆಪ್ ತೆಗೆಯುವುದಕ್ಕೂ ಬರುವುದಿಲ್ಲ.

ನಾನು: ಭಾವ, ಇದು ಪತ್ರಿಕೆಯಲ್ಲಿ ಬರಬೇಕಾದ ಮಾತು. ತಮ್ಮಾ, ನೀನು ಇದನ್ನು ಓದು. ಗೂಗಲ್ ನಿನ್ನನ್ನು ಜೈಲಿಗೆ ಹಾಕುವುದಿಲ್ಲ, ನಿನ್ನ ರೇಷನ್ ಕಾರ್ಡ್ ರದ್ದು ಮಾಡುವುದಿಲ್ಲ. ಹಾಗಂತ ಗೂಗಲ್ ಮಾಡುವುದು ಸರಿ ಅಂತ ನಾನು ಹೇಳುತ್ತಿಲ್ಲ. ಸರ್ಕಾರದ ಕೈಯಲ್ಲಿ ಇರುವ ಅಧಿಕಾರವೇ ಬೇರೆ. ಆಂಡ್ರಾಯ್ಡ್‌ನಲ್ಲಿ ಈ ಆಪ್ ಕೇಳುವ ಅನುಮತಿ ನೋಡು: ಕರೆ ನಿರ್ವಹಣೆ, ಎಸ್‌ಎಂಎಸ್ ಕಳಿಸುವುದು, ಕರೆ ಮತ್ತು ಎಸ್‌ಎಂಎಸ್ ದಾಖಲೆ, ಫೋಟೋ ಮತ್ತು ಫೈಲ್, ಕ್ಯಾಮೆರಾ. ಪ್ರತಿಯೊಂದಕ್ಕೂ ಕಾರಣ ಕೊಟ್ಟಿದ್ದಾರೆ. ಬಾರ್‌ಕೋಡ್ ಓದುವುದಕ್ಕೆ ಕ್ಯಾಮೆರಾ, ವಂಚನೆ ಕರೆ ವರದಿ ಮಾಡುವುದಕ್ಕೆ ದಾಖಲೆ. ಇವತ್ತಿಗೆ ಆ ಕಾರಣ ಒಪ್ಪೋಣ. ನಾಳೆ ಅಪ್‌ಡೇಟ್ ಬಂದಾಗ ಅದೇ ಅನುಮತಿಯಲ್ಲಿ ಇನ್ನೇನು ಸೇರುತ್ತದೆ? ನಾನಾಗಿ ಹಾಕಿಕೊಂಡ ಆಪ್ ಆದರೆ ಅನುಮಾನ ಬಂದ ದಿನ ತೆಗೆಯುತ್ತೇನೆ. ಕಂಪನಿಯೇ ಹಾಕಿ ಕಳಿಸಿದ್ದು, ಅದರ ಕೆಲಸಕ್ಕೆ ಅಡ್ಡಿ ಮಾಡಬಾರದು ಅಂತ ಆದೇಶ ಇರುವುದು ಆದರೆ?

ಚಿಕ್ಕಪ್ಪ: ಇದೆಲ್ಲಾ ಬರೀ ಊಹೆ. ಆಗಬಹುದು, ಆಗಬಹುದು ಅಂತ ಕೂತರೆ ಯಾವ ಕೆಲಸವೂ ಆಗುವುದಿಲ್ಲ.

ನಾನು: ಊಹೆ ಅಲ್ಲ ಚಿಕ್ಕಪ್ಪ. ಕೊರೊನಾ ಕಾಲದ ಆರೋಗ್ಯ ಸೇತು ಆಪ್ ನೆನಪು ಮಾಡಿಕೊಳ್ಳಿ. 2020ರ ಏಪ್ರಿಲ್‌ನಲ್ಲಿ ಬಂತು. ಇಷ್ಟ ಇದ್ದವರು ಹಾಕಿಕೊಳ್ಳಿ ಅಂದರು. ಮೇ 1ರ ಆದೇಶದಲ್ಲಿ ಎಲ್ಲಾ ನೌಕರರಿಗೂ ಕಡ್ಡಾಯ ಅಂದರು. ಎರಡು ವಾರ ಕಳೆದ ಮೇಲೆ ಆದಷ್ಟು ಪ್ರಯತ್ನ ಮಾಡಿ ಅಂತ ಮೆತ್ತಗಾದರು. ಆಪ್ ಮಾಡಿದ್ದು ಯಾರು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿದರೆ ಸರಿಯಾದ ಉತ್ತರ ಸಿಗಲಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಕೇಂದ್ರ ಮಾಹಿತಿ ಆಯೋಗವೇ ಸರ್ಕಾರದ ಕಂಪ್ಯೂಟರ್ ಸಂಸ್ಥೆ ಎನ್‌ಐಸಿಗೆ ಷೋಕಾಸ್ ನೋಟಿಸ್ ಕೊಡಬೇಕಾಯಿತು. ಕೋಟಿ ಕೋಟಿ ಜನರ ಫೋನಿನಲ್ಲಿ ಇದ್ದ ಆಪ್ ಅದು. 2021ರ ಜನವರಿಯಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಮಧ್ಯಂತರ ಆದೇಶ ಕೊಟ್ಟಿತು, ಜನರ ಒಪ್ಪಿಗೆ ಇಲ್ಲದೆ ಆ ಮಾಹಿತಿ ಹಂಚಬೇಡಿ ಅಂತ. ಹೈಕೋರ್ಟ್ ಇಷ್ಟು ಹೇಳಬೇಕಾಗಿ ಬಂತು ಅಂದರೆ ಅನುಮಾನ ಪಟ್ಟವರು ತಲೆಕೆಟ್ಟವರಲ್ಲ.

ನಾನು: ಇನ್ನೊಂದು. 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು ಯಾರ ಅರ್ಜಿಯ ಮೇಲೆ? ಕೆ.ಎಸ್. ಪುಟ್ಟಸ್ವಾಮಿ ಅವರದ್ದು, ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. 2012ರಲ್ಲಿ ಅರ್ಜಿ ಹಾಕುವಾಗ ಅವರಿಗೆ 80 ದಾಟಿತ್ತು. ಸರ್ಕಾರ ನಮ್ಮ ಖಾಸಗಿ ಬದುಕಿಗೆ ಕೈ ಹಾಕಬೇಕಾದರೆ ಅದಕ್ಕೊಂದು ಕಾನೂನು ಇರಬೇಕು, ನಿಜವಾದ ಅಗತ್ಯ ಇರಬೇಕು, ಅಗತ್ಯ ಎಷ್ಟಿದೆಯೋ ಅಷ್ಟೇ ಕೈ ಹಾಕಬೇಕು ಅಂತ ಆ ತೀರ್ಪು ಹೇಳುತ್ತದೆ. ಎಸ್‌ಎಂಎಸ್‌ನಲ್ಲಿ ಆಗುವ ಕೆಲಸಕ್ಕೆ ದೇಶದ ಪ್ರತಿ ಹೊಸ ಫೋನಿಗೂ ಆಪ್ ಹಾಕುವುದು ಆ ಕೊನೆಯ ಮಾತಿಗೆ ಒಪ್ಪುತ್ತದಾ?

ಚಿಕ್ಕಪ್ಪ: ಅದಕ್ಕೇ ಡೇಟಾ ರಕ್ಷಣೆ ಕಾಯ್ದೆ ಮಾಡಿದ್ದಾರಲ್ಲ. ಕಳೆದ ತಿಂಗಳು ನಿಯಮಗಳೂ ಬಂದವು. 250 ಕೋಟಿವರೆಗೆ ದಂಡ ಇದೆ.

ನಾನು: ಇದೆ, ಆದರೆ ಸರ್ಕಾರ ಅದರಿಂದ ತಪ್ಪಿಸಿಕೊಳ್ಳಬಹುದು. ಆ 2023ರ ಕಾಯ್ದೆಯ 17ನೇ ಸೆಕ್ಷನ್ ಓದಿ. ದೇಶದ ಭದ್ರತೆ, ಸಾರ್ವಜನಿಕ ಶಾಂತಿ ಅಂತ ಕಾರಣ ಕೊಟ್ಟು ಕೇಂದ್ರ ಸರ್ಕಾರ ತನ್ನ ಯಾವ ಸಂಸ್ಥೆಗಾದರೂ ವಿನಾಯಿತಿ ಕೊಡಬಹುದು. ಒಪ್ಪಿಗೆ ಕೇಳುವ ನಿಯಮಗಳು ಜಾರಿಯಾಗುವುದು ನವೆಂಬರ್‌ನಿಂದ 18 ತಿಂಗಳಾದ ಮೇಲೆ. ಆದರೆ ಮಾಹಿತಿ ಹಕ್ಕು ಕಾಯ್ದೆಗೆ ಮಾಡಿದ ತಿದ್ದುಪಡಿ ತಕ್ಷಣವೇ ಜಾರಿ. ವೈಯಕ್ತಿಕ ಮಾಹಿತಿ ಅಂದರೆ ಸಾಕು, ಅಧಿಕಾರಿ ಕೊಡುವುದಿಲ್ಲ ಅನ್ನಬಹುದು. ನಮ್ಮ ರಕ್ಷಣೆಗೆ ಒಂದೂವರೆ ವರ್ಷ, ಅವರ ರಕ್ಷಣೆಗೆ ಒಂದು ದಿನವೂ ಕಾಯಬೇಕಾಗಿಲ್ಲ. ನನಗೆ ನಿಜವಾಗಿ ನೋವಾಗುವುದು ಇಲ್ಲೇ.

ತಮ್ಮ: ಅಕ್ಕ, ಆಫೀಸಿನಲ್ಲಿ ಇನ್ನೊಂದು ಸುದ್ದಿ. ವಾಟ್ಸಾಪ್ ವೆಬ್ 6 ಗಂಟೆಗೊಮ್ಮೆ ತಾನೇ ಲಾಗೌಟ್ ಆಗುತ್ತದಂತೆ. ಇದೂ ಅತ್ತೆಯ ಫಾರ್ವರ್ಡ್ ಥರಾನಾ?

ನಾನು: ಇಲ್ಲ, ಇದು ನಿಜ. ಅದೂ ನವೆಂಬರ್ 28ರದ್ದೇ, ಬೇರೆ ನಿರ್ದೇಶನ. ವಾಟ್ಸಾಪ್, ಟೆಲಿಗ್ರಾಂ, ಸಿಗ್ನಲ್ ಎಲ್ಲಕ್ಕೂ ಅನ್ವಯ. ನೋಂದಾಯಿಸಿದ ಸಿಮ್ ಫೋನಿನೊಳಗೆ ಚಾಲ್ತಿಯಲ್ಲಿ ಇದ್ದರೆ ಮಾತ್ರ ಆಪ್ ನಡೆಯಬೇಕು. ಅದಕ್ಕೂ 90 ದಿನ ಗಡುವು. ಅದು ವಾಪಸ್ ಆಗಿಲ್ಲ.

ಚಿಕ್ಕಪ್ಪ: ಅದು ಸರಿಯಾಗಿಯೇ ಇದೆ. ನಮ್ಮ ನಂಬರಿನಲ್ಲಿ ಖಾತೆ ತೆರೆದು, ಸಿಮ್ ಕಿತ್ತು ಎಸೆದು, ಯಾವುದೋ ದೇಶದಲ್ಲಿ ಕೂತು ಪೊಲೀಸ್ ವೇಷದಲ್ಲಿ ವಿಡಿಯೋ ಕರೆ ಮಾಡುತ್ತಾರೆ. ಅದನ್ನು ತಡೆಯಬೇಡವಾ?

ನಾನು: ಅದಕ್ಕೆ ಒಂದು ಅರ್ಥ ಇದೆ, ಒಪ್ಪುತ್ತೇನೆ. ಆದರೆ ತಮ್ಮನ ಥರ ದಿನಾ ಕಂಪ್ಯೂಟರಿನಲ್ಲಿ ಕೆಲಸ ಮಾಡುವವರಿಗೆ, ಬೇರೆ ದೇಶಕ್ಕೆ ಹೋಗಿ ಅಲ್ಲಿನ ಸಿಮ್ ಹಾಕಿಕೊಳ್ಳುವವರಿಗೆ ಏನು ಗತಿ ಅಂತ ಮೊದಲು ಜನರ ಮುಂದೆ ಇಟ್ಟು ಕೇಳಬೇಕಿತ್ತು.

ಚಿಕ್ಕಪ್ಪ: ಈಗ ಏನು ಮಾಡಬೇಕು ಅನ್ನುತ್ತೀಯಮ್ಮ? ವಾಪಸ್ ತೆಗೆದುಕೊಂಡಾಯಿತು.

ನಾನು: ಯಾಕೆ ವಾಪಸ್ ತೆಗೆದುಕೊಂಡೆವು ಅಂತ ಅವರು ಕೊಟ್ಟ ಕಾರಣ ಓದಿದಿರಾ? ಜನರೇ ಆಪ್ ಹೆಚ್ಚು ಹೆಚ್ಚು ಒಪ್ಪಿಕೊಳ್ಳುತ್ತಿದ್ದಾರೆ, 1.4 ಕೋಟಿ ಜನ ಹಾಕಿಕೊಂಡಿದ್ದಾರೆ, ಒಂದೇ ದಿನದಲ್ಲಿ 6 ಲಕ್ಷ ಜನ ನೋಂದಾಯಿಸಿದ್ದಾರೆ, ಆದ್ದರಿಂದ ಕಡ್ಡಾಯ ಬೇಡ ಅಂತ. ಜನರ ಆಕ್ಷೇಪ ಸರಿ ಇತ್ತು ಅನ್ನುವ ಒಂದು ಮಾತೂ ಇಲ್ಲ. ಹಾಗಾಗಿ ಇನ್ನೊಂದು ವರ್ಷ ಬಿಟ್ಟು ಇಂಥದ್ದೇ ಬೇರೆ ಆದೇಶ ಬಂದರೆ ತಡೆಯುವುದಕ್ಕೆ ಏನೂ ಉಳಿದಿಲ್ಲ. ರಷ್ಯಾದಲ್ಲಿ ಸೆಪ್ಟೆಂಬರ್‌ನಿಂದ ಮ್ಯಾಕ್ಸ್ ಅನ್ನುವ, ಸರ್ಕಾರದ ಬೆಂಬಲ ಇರುವ ಮೆಸೇಜ್ ಆಪ್ ಪ್ರತಿ ಹೊಸ ಫೋನಿನಲ್ಲೂ ಕಡ್ಡಾಯ. ನಾವು ಆ ಸಾಲಿಗೆ ಸೇರಬೇಕಾ?

ನಾನು ಒಂದು ಮಾಹಿತಿ ಹಕ್ಕು ಅರ್ಜಿ ಹಾಕುತ್ತೇನೆ, ದೂರಸಂಪರ್ಕ ಇಲಾಖೆಗೆ. ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ನವೆಂಬರ್ 28ರ ಆದೇಶದ ಪ್ರತಿ ಕೊಡಿ. ಅದನ್ನು ವಾಪಸ್ ಪಡೆದ ಲಿಖಿತ ಆದೇಶದ ಪ್ರತಿ ಕೊಡಿ. ಆದೇಶಕ್ಕೆ ಮೊದಲು ಯಾರ ಯಾರ ಅಭಿಪ್ರಾಯ ಕೇಳಿದಿರಿ ಅನ್ನುವ ದಾಖಲೆ ಕೊಡಿ. ಇದರಲ್ಲಿ ಯಾರ ವೈಯಕ್ತಿಕ ಮಾಹಿತಿಯೂ ಇಲ್ಲ.

ಭಾವ: ನನ್ನ ಹೆಸರಿನಲ್ಲೂ ಒಂದು ಹಾಕು.

ಚಿಕ್ಕಪ್ಪ: ನನ್ನ ಫೋನಿನಲ್ಲಿರುವ ಆಪ್ ನಾನು ತೆಗೆಯುವುದಿಲ್ಲ, ಅದು ಬೇರೆ ವಿಷಯ. ಆದರೆ ಅರ್ಜಿ ಹೀಗೆ ಬರೆದರೆ ಉಪಯೋಗ ಇಲ್ಲ. ಅಭಿಪ್ರಾಯದ ದಾಖಲೆ ಅಂದರೆ ಅಂಥದ್ದು ಇಲ್ಲ ಅಂತ ಒಂದು ಸಾಲು ಬರೆದು ಕೈ ತೊಳೆದುಕೊಳ್ಳುತ್ತಾರೆ. ಸಂಬಂಧಪಟ್ಟ ಫೈಲಿನ ನೋಟಿಂಗ್ ಹಾಳೆಗಳ, ಅಂದರೆ ಅಧಿಕಾರಿಗಳು ಟಿಪ್ಪಣಿ ಬರೆದ ಹಾಳೆಗಳ, ಪ್ರತಿ ಅಂತ ಬರೆ. ಪ್ರಸ್ತಾವ ಮೊದಲು ಎದ್ದ ದಿನದಿಂದ ಇವತ್ತಿನವರೆಗೆ ಅಂತ ಸೇರಿಸು. ಆಪ್‌ನ ಭದ್ರತಾ ತಪಾಸಣೆ ವರದಿಯನ್ನೂ ಕೇಳು. ಕೊಡದಿದ್ದರೆ ಯಾವ ಸೆಕ್ಷನ್ ಪ್ರಕಾರ ಕೊಡುತ್ತಿಲ್ಲ ಅಂತ ಅವರು ಬರೆಯಲೇಬೇಕು.

ನಾನು: ತಿದ್ದಿ ಇಲ್ಲೇ ಹಾಕುತ್ತೇನೆ ಚಿಕ್ಕಪ್ಪ. ಒಂದು ಸಲ ಓದಿ ಹೇಳಿ.

ಚಿಕ್ಕಪ್ಪ: ಹಾಕು. ಮೇಲ್ಮನವಿಗೆ ಬೇಕಾಗುತ್ತದೆ, ನೋಂದಣಿ ಸಂಖ್ಯೆಯ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೋ.