‘ನ್ಯೂರೋಟಾಕ್ಸಿನ್’ಗೆ ‘ನರನಾಶಕ ವಿಷ’ ಎನ್ನಬಹುದೇ?

ಮಾನ್ಯರೇ,

ಬೆಂಗಳೂರಿನ ಹೊರವಲಯದ ಹಳ್ಳಿಗಳಲ್ಲಿ ಕೆಲಸ ಮಾಡುವ ಆಶಾ ಕಾರ್ಯಕರ್ತೆಯರಿಗಾಗಿ ಹಾವು ಕಡಿತದ ಕುರಿತ ಕಿರುಪುಸ್ತಿಕೆಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇವೆ. ಅದರ ಕರಡಿನಲ್ಲಿ, ನರಗಳ ಸಂದೇಶವನ್ನು ಕೆಡಿಸುವ ವಿಷವಾದ ‘ನ್ಯೂರೋಟಾಕ್ಸಿನ್’ ಎಂಬುದಕ್ಕೆ ಒಂದೆಡೆ ‘ನರವಿಷ’ ಎಂದೂ ಇನ್ನೊಂದೆಡೆ ‘ನರನಾಶಕ ವಿಷ’ ಎಂದೂ ಬಂದಿದೆ. ಯಾವುದನ್ನು ಉಳಿಸಿಕೊಳ್ಳುವುದು ಸರಿ ಎಂಬುದರ ಬಗ್ಗೆ ತಮ್ಮೆಲ್ಲರ ಅಭಿಪ್ರಾಯ ಬೇಕಾಗಿದೆ.

‘ನರನಾಶಕ’ವನ್ನು ಕೈಬಿಡಲೇಬೇಕೆಂದು ನನಗೆ ಅನ್ನಿಸುತ್ತದೆ. ಮಿದುಳಿನ ಆಜ್ಞೆ ನರದ ತುದಿಯನ್ನು ಮುಟ್ಟಿದಾಗ ಅಲ್ಲಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬಿದ್ದು, ಎದುರಿನ ಸ್ನಾಯುವಿನ ಮೇಲೆ ಅದನ್ನು ಹಿಡಿದುಕೊಳ್ಳಲೆಂದೇ ಇರುವ ಗ್ರಾಹಕಗಳನ್ನು (ರಿಸೆಪ್ಟರ್) ಸೇರುತ್ತದೆ. ಆಗಲೇ ಸ್ನಾಯು ಕೆಲಸ ಮಾಡುವುದು. ನಾಗರಹಾವಿನ ನ್ಯೂರೋಟಾಕ್ಸಿನ್ ಆ ಗ್ರಾಹಕಗಳಿಗೆ ಅಂಟಿಕೊಂಡು ಅಸಿಟೈಲ್‌ಕೋಲಿನ್‌ಗೆ ಎಡೆಯಿಲ್ಲದಂತೆ ಮಾಡುತ್ತದೆ. ನರಕ್ಕೆ ಏನೂ ಆಗಿರುವುದಿಲ್ಲ, ಸ್ನಾಯುವಿಗೂ ಶಕ್ತಿ ಇರುತ್ತದೆ, ಆದರೆ ಸಂದೇಶ ದಾಟುವುದಿಲ್ಲ. ಕಟ್ಟುಹಾವಿನ ವಿಷ ನರದ ತುದಿಯನ್ನೇ ಕೆಡಿಸುವುದರಿಂದ ಚೇತರಿಕೆ ನಿಧಾನ. ಆದರೂ ಆ ತುದಿ ಮತ್ತೆ ಬೆಳೆದುಕೊಳ್ಳುತ್ತದೆ. ಅಲ್ಲಿಯವರೆಗೆ ವೆಂಟಿಲೇಟರಿನಿಂದ ಉಸಿರಾಟವನ್ನು ನಡೆಸಿಕೊಂಡು ಹೋದರೆ, ಕೈಬೆರಳನ್ನೂ ಅಲ್ಲಾಡಿಸಲಾಗದೆ ಮಲಗಿದ್ದ ರೋಗಿ ಎದ್ದು ಓಡಾಡುವ ಸಾಧ್ಯತೆ ಉಂಟು. ಇಂಥ ರೋಗಿಯ ಮನೆಯವರಿಗೆ ‘ನರನಾಶಕ’ ಎಂಬ ಪದ ಏನು ಹೇಳೀತು? ನರಗಳೇ ನಾಶವಾದ ಮೇಲೆ ಆಸ್ಪತ್ರೆಗೆ ಒಯ್ದು ಫಲವೇನು ಎಂದು ಅವರು ಕೈಚೆಲ್ಲಿದರೆ ಆ ತಪ್ಪು ಬರೆದವರದಾಗುತ್ತದೆ.

ಕಟ್ಟುಹಾವಿನ ವಿಷಯದಲ್ಲಂತೂ ಮಾತು ಬಹಳ ಸ್ಪಷ್ಟವಾಗಿರಬೇಕು. ರಾತ್ರಿ ನೆಲದ ಮೇಲೆ ಮಲಗಿದವರನ್ನು ಅದು ಕಚ್ಚಿದರೆ ಎಷ್ಟೋ ಸಲ ನೋವೂ ಇರುವುದಿಲ್ಲ, ಬಾವೂ ಬರುವುದಿಲ್ಲ. ಹೊಟ್ಟೆನೋವೆಂದು ಎದ್ದವರಿಗೆ ಸ್ವಲ್ಪ ಹೊತ್ತಿನಲ್ಲಿ ಕಣ್ಣಿನ ರೆಪ್ಪೆ ಎತ್ತಲಾಗುವುದಿಲ್ಲ, ಒಂದು ವಸ್ತು ಎರಡಾಗಿ ಕಾಣುತ್ತದೆ, ಮಾತು ತೊದಲುತ್ತದೆ, ಎಂಜಲು ನುಂಗುವುದೂ ಕಷ್ಟವಾಗುತ್ತದೆ. ನಿದ್ದೆಯ ಮಂಪರೆಂದು ಇದನ್ನು ಬಿಟ್ಟರೆ ಮುಂದಿನದು ಉಸಿರಾಟದ ಸ್ನಾಯುಗಳ ಸರದಿ.

‘ನರವಿಷ’ ಚಿಕ್ಕ ಪದ, ಬಳಕೆಗೂ ಬಂದಿದೆ. ತೊಡಕಿರುವುದು ‘ನರ’ದಲ್ಲಿ. ವಾರ್ಡಿನಲ್ಲಿ ಸಿಸ್ಟರ್ ‘ನರ ಸಿಗ್ತಾ ಇಲ್ಲ’ ಎಂದು ರೋಗಿಯ ಮುಂಗೈ ತಟ್ಟುವಾಗ ಅವರು ಹುಡುಕುತ್ತಿರುವುದು ಡ್ರಿಪ್ ಹಾಕಲು ಬೇಕಾದ ರಕ್ತನಾಳವನ್ನು. ಆಡುಮಾತಿನಲ್ಲಿ ಉಬ್ಬಿ ಕಾಣುವ ರಕ್ತನಾಳವೂ ನರವೇ. ಹೀಗಿರುವಾಗ ‘ನರವಿಷ’ವನ್ನು ‘ರಕ್ತನಾಳದಲ್ಲಿ ಏರುವ ವಿಷ’ ಎಂದು ಓದಿಕೊಂಡು, ಕಾಲಿಗೆ ಬಿಗಿಯಾಗಿ ಹಗ್ಗ ಕಟ್ಟುವ ಅಪಾಯಕಾರಿ ರೂಢಿಗೆ ಅದನ್ನೇ ಸಮರ್ಥನೆಯಾಗಿ ತೆಗೆದುಕೊಳ್ಳಬಹುದು. ಮೇಲಾಗಿ, ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನು ಕೆಡಿಸುವ ಕೊಳಕುಮಂಡಲದ ವಿಷವನ್ನು ನಾವು ಅದೇ ಪುಟದಲ್ಲಿ ಬೇರೆಯಾಗಿ ತೋರಿಸಬೇಕಾಗಿದೆ. ‘ನರಮಂಡಲದ ವಿಷ’ ಎಂದು ಬರೆಯೋಣವೆಂದರೆ, ಕೊಳಕುಮಂಡಲ, ಗರಗಸಮಂಡಲಗಳ ಪಕ್ಕದಲ್ಲಿ ಅದು ಇನ್ನೊಂದು ಹಾವಿನ ಹೆಸರಿನಂತೆ ಕೇಳಿಸುತ್ತದೆ.

‘ನರಗಳನ್ನು ದುರ್ಬಲಗೊಳಿಸುವ ವಿಷ’ ಎಂಬ ಸಲಹೆಯೂ ಬಂದಿತ್ತು. ಅದು ಧನುರ್ವಾಯುವಿಗೆ ಹೊಂದುವುದಿಲ್ಲ. ಆ ರೋಗಾಣುವಿನ ಟಾಕ್ಸಿನ್ ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ಹತೋಟಿಯಲ್ಲಿಡುವ ಸಂದೇಶಗಳನ್ನೇ ತಡೆಯುವುದರಿಂದ ದವಡೆ ಕಚ್ಚಿಕೊಂಡು ಮೈ ಬಿಲ್ಲಿನಂತೆ ಸೆಟೆಯುತ್ತದೆ. ಅದರ ಹತ್ತಿರದ ಸಂಬಂಧಿಯಾದ ಬಾಟುಲಿನಮ್ ಟಾಕ್ಸಿನ್, ಅಸಿಟೈಲ್‌ಕೋಲಿನ್ ಹೊರಬೀಳುವುದನ್ನು ತಡೆದು ಸ್ನಾಯುಗಳನ್ನು ಜೋಲು ಬೀಳಿಸುತ್ತದೆ. ಎರಡೂ ನ್ಯೂರೋಟಾಕ್ಸಿನ್‌ಗಳೇ. ಟಾಕ್ಸಿನ್ ಎಂದರೆ ಜೀವಿಗಳು ತಯಾರಿಸುವ ವಿಷ ಮಾತ್ರ, ಸೀಸ ಪಾದರಸಗಳು ಅದರಲ್ಲಿ ಸೇರುವುದಿಲ್ಲ ಎಂಬ ವ್ಯತ್ಯಾಸವೂ ಇದೆ; ನಮ್ಮ ಪುಸ್ತಿಕೆಗೆ ಅದು ಅಷ್ಟಾಗಿ ಬೇಕಾಗಿಲ್ಲ.

ಸದ್ಯಕ್ಕೆ ನನ್ನ ಒಲವು ‘ನರವ್ಯೂಹದ ವಿಷ’ದ ಕಡೆಗಿದೆ. ‘ವ್ಯೂಹ’ ಸೇರಿದೊಡನೆ ರಕ್ತನಾಳದ ಅರ್ಥ ದೂರವಾಗುತ್ತದೆ. ಮೊದಲ ಬಳಕೆಯಲ್ಲಿ ‘ಮಿದುಳು ಮತ್ತು ನರಗಳ ಸಂದೇಶವನ್ನು ಕೆಡಿಸುವ ವಿಷ’ ಎಂಬ ವಿವರಣೆಯನ್ನು ಕೊಡಬಹುದು. ‘ನಂಜು’ ಅಚ್ಚಗನ್ನಡ ಪದವಾದರೂ, ‘ಗಾಯ ನಂಜಾಗಿದೆ’ ಎಂಬಲ್ಲಿ ಕೀವು, ಸೋಂಕುಗಳ ಅರ್ಥ ಗಟ್ಟಿಯಾಗಿ ಕೂತಿರುವುದರಿಂದ ಹಿಂಜರಿಯುತ್ತಿದ್ದೇನೆ.

ರಾಮನಗರ, ಕೋಲಾರ, ತುಮಕೂರು ಕಡೆಯವರು ದಯವಿಟ್ಟು ತಿಳಿಸಿ: ನಿಮ್ಮ ಮನೆಮಾತಿನಲ್ಲಿ ರಕ್ತನಾಳಕ್ಕೆ ‘ನರ’ವಲ್ಲದೆ ಬೇರೆ ಪದವಿದೆಯೇ? ಹಾವಿನ ವಿಷಕ್ಕೆ ‘ನಂಜು’ ಎನ್ನುವ ಬಳಕೆ ಈಗಲೂ ಉಳಿದಿದೆಯೇ?